ಮಗುವನ್ನು ನೋಡಿಕೊಳ್ಳುವ ಅಕ್ಕನಿಗಾಗಿ ಒಂದು ತುರ್ತು ಹಾಳೆ

ನಮಸ್ಕಾರ. ನಾವಿಬ್ಬರೂ ಕೆಲಸಕ್ಕೆ ಹೊರಟ ಮೇಲೆ ನಮ್ಮ ಎರಡು ವರ್ಷದ ಮಗಳನ್ನು ಸಂಜೆಯವರೆಗೆ ನೋಡಿಕೊಳ್ಳುವವರು, ರಾಯಚೂರು ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ಒಬ್ಬ ಅಕ್ಕ. ಅವರಿಗೆ ಅಂಕಿಗಳು ಚೆನ್ನಾಗಿ ಗೊತ್ತು, ಉದ್ದದ ಬರಹ ಓದುವುದು ಕಷ್ಟ. ಆದ್ದರಿಂದ ನಾವು ಸಿದ್ಧಪಡಿಸಿದ ತುರ್ತು ಯೋಜನೆಯೆಂದರೆ ಫ್ರಿಜ್ ಬಾಗಿಲಿಗೆ ಅಂಟಿಸಿದ, ಅಂಕಿ ಮತ್ತು ಚಿತ್ರಗಳಿರುವ ಈ ಒಂದು ಹಾಳೆ, ಮತ್ತು ಅದರಲ್ಲಿರುವುದನ್ನೆಲ್ಲ ಅವರ ಜೊತೆ ನಿಂತು ಮಾಡಿ ನೋಡುವ ಅಭ್ಯಾಸ.

ಹಾಳೆ ಬರೆಯುವುದಕ್ಕೂ ಮೊದಲು ಅವರಿಗೆ ಒಂದು ಮಾತು ಹೇಳಿದೆವು: "ಅಕ್ಕಾ, ಮಗುವಿಗೆ ಏನಾದರೂ ಆದರೆ ನಮ್ಮನ್ನು ಕೇಳಲು ಕಾಯಬೇಡಿ. ಮೊದಲು ಆಸ್ಪತ್ರೆಗೆ ಹೊರಡಿ, ಫೋನು ದಾರಿಯಲ್ಲಿ ಮಾಡಿ." ಬೇರೆಯವರ ಮನೆಯ ಮಗುವನ್ನು ನೋಡಿಕೊಳ್ಳುವವರಿಗೆ ಬೈಗುಳದ ಭಯವೂ ಖರ್ಚಿನ ಅಳುಕೂ ಇರುತ್ತವೆ, ಈ ಅನುಮತಿಯನ್ನು ನಾವು ಮುಂಚೆಯೇ ಕೊಡದಿದ್ದರೆ ಬೆಲೆಬಾಳುವ ನಿಮಿಷಗಳು ನಮ್ಮ ಫೋನು ಸಿಗುವುದನ್ನು ಕಾಯುವುದರಲ್ಲೇ ಕಳೆದುಹೋಗುತ್ತವೆ. ಆಟೊ ಮತ್ತು ಆಸ್ಪತ್ರೆಯ ಖರ್ಚಿಗೆಂದು ಒಂದು ಡಬ್ಬಿಯಲ್ಲಿ ಹಣವನ್ನೂ, ಚಿಕಿತ್ಸೆಗೆ ನಮ್ಮ ಒಪ್ಪಿಗೆಯಿದೆ ಎಂದು ಇಬ್ಬರೂ ಸಹಿ ಮಾಡಿದ ಪತ್ರವನ್ನೂ ಇಟ್ಟಿದ್ದೇವೆ. ಜೀವ ಉಳಿಸುವ ಚಿಕಿತ್ಸೆ ಕಾಗದಪತ್ರಕ್ಕಾಗಿ ತಡವಾಗಬಾರದೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆಯಾದರೂ, ಪತ್ರ ಕೈಯಲ್ಲಿದ್ದರೆ ಅಕ್ಕನಿಗೆ ಧೈರ್ಯ.

ಹಾಳೆಯ ಮೇಲ್ತುದಿಯಲ್ಲಿ ದೊಡ್ಡದಾಗಿ 112, ಆಂಬುಲೆನ್ಸಿಗೆ 108, ಗ್ಯಾಸ್ ಸೋರಿಕೆಗೆ 1906 ಎಂದಿದೆ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ, ಅಲ್ಲಿಂದ ಕರೆ ಮಾಡಬೇಕು.

ಹೆಚ್ಚು ಹೊತ್ತು ಮಾತನಾಡಿದ್ದು ಜ್ವರದ ಬಗ್ಗೆ. ಆರು ತಿಂಗಳಿಂದ ಐದು ವರ್ಷದವರೆಗಿನ ಕೆಲವು ಮಕ್ಕಳಿಗೆ ಜ್ವರ ಬಂದಾಗ ಫಿಟ್ಸ್ ಬರುವುದುಂಟು. ಆಗ ಕೈಗೆ ಕೀಲಿಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ರೂಢಿ. ಇವುಗಳಲ್ಲಿ ಯಾವುದೂ ಉಪಯೋಗವಿಲ್ಲ, ಚಮಚವಂತೂ ಅಪಾಯಕಾರಿ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ತಕ್ಷಣ 108. ಫಿಟ್ಸ್ ಬೇಗ ನಿಂತರೂ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು. ಪ್ಯಾರಾಸಿಟಮಾಲ್‌ ಸಿರಪ್ಪಿನ 5 ಮಿ.ಲೀ.ಯಲ್ಲಿ ಒಂದು ಬಾಟಲಿಯಲ್ಲಿ 120 ಮಿ.ಗ್ರಾಂ. ಇದ್ದರೆ ಇನ್ನೊಂದರಲ್ಲಿ 250 ಇರುತ್ತದೆ, ಹನಿಗಳಂತೂ ಇನ್ನೂ ಗಾಢ. ಆದ್ದರಿಂದ ಮನೆಯಲ್ಲಿ ಒಂದೇ ಬಾಟಲಿ ಇಟ್ಟು, ಮಗಳ ತೂಕಕ್ಕೆ ವೈದ್ಯರು ಹೇಳಿದ ಪ್ರಮಾಣಕ್ಕೆ ಸಿರಿಂಜಿನ ಮೇಲೆ ಗೆರೆ ಎಳೆದಿದ್ದೇವೆ. ಮತ್ತೆ ತೂಕ ನೋಡಿಸಿ ಬಂದ ದಿನವೇ ಆ ಗೆರೆಯನ್ನು ತಿದ್ದುತ್ತೇವೆ.

ಸುಟ್ಟಗಾಯಕ್ಕೆ ಟೂತ್‌ಪೇಸ್ಟ್, ಇಂಕು ಯಾವುದೂ ಬೇಡ, 20 ನಿಮಿಷ ನಲ್ಲಿಯ ತಣ್ಣೀರು ಸಾಕು ಎಂಬುದು ಚಿತ್ರದಲ್ಲೇ ಇದೆ. ಗಂಟಲಿಗೆ ಏನಾದರೂ ಸಿಕ್ಕಿಕೊಂಡು ಉಸಿರಾಡಲು ಆಗದಿದ್ದರೆ ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟುವುದನ್ನು ಗೊಂಬೆಯ ಮೇಲೆ ಅಭ್ಯಾಸ ಮಾಡಿದೆವು.

ಮಗು ಒಳಗಿನಿಂದ ಚಿಲಕ ಹಾಕಿಕೊಂಡರೆ ಏನು ಮಾಡುವುದು ಎಂಬ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಅದನ್ನು ಎತ್ತಿದ್ದು ಅಕ್ಕನೇ. ಬಚ್ಚಲು ಮತ್ತು ಮಲಗುವ ಕೋಣೆಯ ಚಿಲಕಗಳನ್ನು ಮಗಳ ಕೈಗೆ ಎಟುಕದಷ್ಟು ಮೇಲೆ ಹಾಕಿಸಲು ನಾಳೆ ಬಡಗಿಯನ್ನು ಕರೆದಿದ್ದೇವೆ, ಮುಂಬಾಗಿಲಿನ ಇನ್ನೊಂದು ಕೀಲಿಕೈಯನ್ನು ಎದುರುಮನೆಯ ಅಜ್ಜಿಗೆ ಕೊಟ್ಟಿದ್ದೇವೆ.