ಒಂದೂವರೆ ತೋಳಿನ ಸ್ವೆಟರ್

ಈ ಚೀಲ ಎರಡು ವರ್ಷದಿಂದ ಕಪಾಟಿನ ಮೇಲಿನ ಖಾನೆಯಲ್ಲಿತ್ತು. ಇವತ್ತು ಕೆಳಗಿಳಿಸಿದ್ದೇನೆ. ಒಳಗಿರುವುದು ಒಂದು ಸ್ವೆಟರ್. ಬೆನ್ನು, ಎದೆ, ಒಂದು ತೋಳು ಮುಗಿದಿವೆ. ಇನ್ನೊಂದು ತೋಳು ಮೊಣಕೈ ಹತ್ತಿರ ನಿಂತಿದೆ, ಕಡ್ಡಿಯಲ್ಲೇ.

ಸ್ವಲ್ಪ ಹತ್ತಿರದಿಂದ ನೋಡಿ. ಕಡ್ಡಿ ಇದ್ದ ಜಾಗದಲ್ಲಿ ಕುಣಿಕೆಗಳು ಹಿಗ್ಗಿವೆ ಅಲ್ವಾ? ಹೀಗೇ ಮುಂದುವರಿಸಿದರೆ ತೋಳಿಗೆ ಅಡ್ಡಲಾಗಿ ಒಂದು ಗೆರೆ ಉಳಿಯುತ್ತದೆ. ಅದಕ್ಕೇ ಎರಡು ಸಾಲು ಬಿಚ್ಚುತ್ತಿದ್ದೇನೆ. ಎತ್ತಿಡುವಾಗ ಕುಣಿಕೆಗಳನ್ನು ಒಂದು ತುಂಡು ದಾರಕ್ಕೆ ಪೋಣಿಸಿ ಕಡ್ಡಿ ತೆಗೆದಿಡಬೇಕಿತ್ತು. ಕಸೂತಿ ಹಾಕುವವರಿಗೂ ಇದೇ ಮಾತು. ಬಟ್ಟೆಯನ್ನು ರಿಂಗ್‌ನಲ್ಲೇ ಬಿಟ್ಟರೆ ಸುತ್ತಿನ ಗುರುತು ಗಟ್ಟಿಯಾಗಿ ಕೂತುಬಿಡುತ್ತದೆ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಎಷ್ಟು ಸಾಲಿಗೊಮ್ಮೆ ಕುಣಿಕೆ ಹೆಚ್ಚಿಸುತ್ತಿದ್ದೆ? ಎಲ್ಲೂ ಬರೆದಿಟ್ಟಿಲ್ಲ. ಮುಗಿದ ತೋಳನ್ನು ಕಿಟಕಿ ಬೆಳಕಿಗೆ ಹಿಡಿದು, ಸೂಜಿ ತುದಿಯಿಂದ ಒಂದೊಂದೇ ಸಾಲು ಎಣಿಸಿದೆ. ಆರು ಸಾಲಿಗೊಮ್ಮೆ, ಎರಡೂ ಅಂಚಿನಲ್ಲಿ ಒಂದೊಂದು. ಇಷ್ಟು ಗೊತ್ತಾಗಲು ಇಡೀ ಮಧ್ಯಾಹ್ನ ಹಿಡಿಯಿತು. ಅವತ್ತು ಒಂದು ಚೀಟಿ ಬರೆಯಲು ಎರಡು ನಿಮಿಷ ಸಾಕಿತ್ತು. ಕಡ್ಡಿಯ ಸೈಜು, ಎಷ್ಟನೇ ಸಾಲು, ಮುಂದೇನು, ಯಾಕೆ ನಿಲ್ಲಿಸಿದೆ. ಈ ಕೊನೆಯದನ್ನು ಖಂಡಿತ ಬರೆದಿಡಿ. ದಾರ ಸಾಲದೆ ನಿಂತಿತಾ, ಅಳತೆ ತಪ್ಪಿ ನಿಂತಿತಾ, ಸುಮ್ನೆ ಸುಸ್ತಾಗಿ ನಿಂತಿತಾ ಅಂತ ಗೊತ್ತಿದ್ದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ನನ್ನದು ಸುಸ್ತು. ಆಗ ಕೆಲಸ ತುಂಬಾ ಇತ್ತು, ರಾತ್ರಿ ಕೂತರೆ ಕಣ್ಣು ಎಳೆಯುತ್ತಿತ್ತು.

ಪುಣ್ಯಕ್ಕೆ ಉಂಡೆಗೆ ಸುತ್ತಿದ್ದ ಕಾಗದ ಎಸೆದಿರಲಿಲ್ಲ. ಅದರಲ್ಲಿ ಲಾಟ್ ನಂಬರ್ ಇರುತ್ತದೆ. ಬಣ್ಣ ಒಂದೇ ಆದರೂ ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ದಾರದಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ. ವರ್ಷಗಳು ಕಳೆದ ಮೇಲೆ ಅದೇ ಲಾಟ್ ಸಿಗುವುದು ಕಷ್ಟ. ಹಾಗಾಗಿ ಉಳಿದ ದಾರವನ್ನೂ ಇದೇ ಚೀಲದಲ್ಲಿ ಇಟ್ಟಿದ್ದೆ.

ಇಷ್ಟು ದಿನ ಕಪಾಟು ತೆಗೆದಾಗಲೆಲ್ಲ ಈ ಚೀಲ ನೋಡಿ ಮನಸ್ಸು ಚುರುಕ್ ಅನ್ನುತ್ತಿತ್ತು. ಆಮೇಲೆ ಮರಿಯಾ ಓವ್ಸ್ಯಾಂಕಿನಾ ಅನ್ನುವ ಮನಶ್ಶಾಸ್ತ್ರಜ್ಞೆಯ ಬಗ್ಗೆ ಓದಿದೆ. 1928ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮಾಡುತ್ತಿದ್ದ ಕೆಲಸವನ್ನು ಬೇರೆಯವರು ಅರ್ಧಕ್ಕೆ ತಡೆದಾಗ, ಹೆಚ್ಚಿನವರು ಅವಕಾಶ ಸಿಕ್ಕಾಗ ಯಾರೂ ಹೇಳದೆಯೇ ಅದಕ್ಕೆ ಮರಳಿದರು. ಓದಿ ಎಷ್ಟೋ ಹಗುರವಾಯಿತು. ಚುರುಕ್ ಅನ್ನುತ್ತಿದ್ದುದು ಬರೀ ತಪ್ಪಿನ ಭಾವನೆ ಅಲ್ಲ, ಕೈಗೆ ಇನ್ನೂ ಆಸೆ ಇದೆ ಅಂತಲೂ ಹೌದು.

ಎಲ್ಲವನ್ನೂ ಮುಗಿಸಲೇಬೇಕು ಅಂತೇನಿಲ್ಲ. ಇದೇ ಚೀಲದಲ್ಲಿ ಅರ್ಧ ಟೋಪಿಯೂ ಇತ್ತು. ನೋಡಿದರೆ ಏನೂ ಅನ್ನಿಸಲಿಲ್ಲ. ಬಿಚ್ಚಿ, ದಾರ ತೊಳೆದು ಒಣಹಾಕಿದ್ದೇನೆ. ಒಣಗುವಾಗ ಸುರುಳಿ ಬಹುಪಾಲು ನೇರವಾಗುತ್ತದೆ.

ಈಗ ತೋಳು. ಮೊದಲು ಒಂದು ಸಣ್ಣ ಚೌಕ ಹೆಣೆದು ಅಳೆದೆ. ಮುಗಿದ ತೋಳಿನಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಇವೆ, ಈಗ 24 ಬಂತು. ಕೈ ಬಿಗಿಯಾಗಿದೆ. ಒಂದು ಸೈಜು ದೊಡ್ಡ ಕಡ್ಡಿ ತಗೊಂಡೆ, 22ಕ್ಕೆ ಬಂತು.

ಇದು ಮೊದಲ ಸಾಲು. ನಾಲ್ಕೈದು ಕುಣಿಕೆ ತಡವರಿಸಿದೆ. ಆಮೇಲೆ ಬೆರಳುಗಳು ದಾರವನ್ನು ತಾವೇ ಹಿಡಿದವು. ಚೀಟಿಯನ್ನು ಚೀಲಕ್ಕೆ ಪಿನ್ ಮಾಡಿದ್ದೇನೆ. ಇನ್ನು 38 ಸಾಲು.