ಬೇರೆ ಬೇರೆ ಪ್ರೊಜೆಕ್ಟರ್, ಒಂದೇ ಚಿತ್ರ

ಎಲ್ಲರಿಗೂ ನಮಸ್ಕಾರ.

ಒಂದೇ ಪರದೆಗೆ ಅಕ್ಕಪಕ್ಕ ಎರಡು ಪ್ರೊಜೆಕ್ಟರ್ ಬಿಟ್ಟರೆ, ಮಧ್ಯದ ಪಟ್ಟಿಯ ಮೇಲೆ ಎರಡರ ಬೆಳಕೂ ಬೀಳುತ್ತದೆ. ಆ ಪಟ್ಟಿ ಎದ್ದು ಕಾಣುತ್ತದೆ. ಇದು ಹಳೆಯ ತಲೆನೋವು. 1952ರಲ್ಲಿ ನ್ಯೂಯಾರ್ಕ್‌ನಲ್ಲಿ ಸಿನೆರಾಮಾ ಎಂಬ ಅಗಲ ಪರದೆಯ ಸಿನಿಮಾ ಶುರುವಾದಾಗ, ಬಾಗಿದ ದೊಡ್ಡ ಪರದೆಯನ್ನು ಮೂರು ಪ್ರೊಜೆಕ್ಟರ್‌ ಸೇರಿ ತುಂಬುತ್ತಿದ್ದವು. ಫಿಲ್ಮಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲಿನ ಪಟ್ಟಿಯೊಂದು ಜೋರಾಗಿ ಅಲ್ಲಾಡುತ್ತಾ ಅಂಚಿನ ಬೆಳಕನ್ನು ಮೆಲ್ಲಗೆ ಕರಗಿಸುತ್ತಿತ್ತು. ಈಗ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಎಡದ ಚಿತ್ರ ಇಳಿದ ಹಾಗೆ ಬಲದ್ದು ಏರುತ್ತದೆ, ಅಷ್ಟೇ.

ಆದರೆ ಎಷ್ಟು ಇಳಿಸಬೇಕು? ನಡುವೆ ಎರಡೂ ಅರ್ಧರ್ಧ ಇರಬೇಕು, ಅಲ್ವಾ? ಹಾಗಂತ 255ರ ಬಿಳಿಯನ್ನು (0 ಅಂದರೆ ಕಪ್ಪು) ಸುಮ್ನೆ 128ಕ್ಕೆ ಇಳಿಸಿದರೆ ಪಟ್ಟಿ ಮಂಕಾಗುತ್ತದೆ. ಕೊಟ್ಟ ಸಂಖ್ಯೆಗೂ ಬರುವ ಬೆಳಕಿಗೂ ಇರುವ ನಂಟನ್ನು ಗಾಮಾ ಅನ್ನುತ್ತಾರೆ. ಗಾಮಾ 2.2 ಇರುವ ಪ್ರೊಜೆಕ್ಟರ್‌ನಲ್ಲಿ 128 ಅಂದರೆ ಬರೀ 22% ಬೆಳಕು. ಎರಡೂ ಸೇರಿದರೂ 44%. ಅರ್ಧ ಬೆಳಕು ಬರಬೇಕಾದರೆ 186 ಕೊಡಬೇಕು. ಹಾಗಾಗಿ ಮೊದಲು ಬೆಳಕಿನ ಲೆಕ್ಕ ಹಾಕಿ, ಆಮೇಲೆ ಸಂಖ್ಯೆಗೆ ತಿರುಗಿಸಿ.

ಇನ್ನು ರೆಸಲ್ಯೂಶನ್, ಅಂದರೆ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ (ಚುಕ್ಕಿ) ಇವೆ ಅನ್ನುವ ವಿಷಯ. ನನಗೆ ಇದು ತುಂಬಾ ಮುಖ್ಯ. ಸಣ್ಣ ಊರಿನ ಸಭಾಭವನದಲ್ಲಿ ಒಂದೇ ಥರದ ಎರಡು ಪ್ರೊಜೆಕ್ಟರ್ ಸಿಗುವುದು ಕಷ್ಟ. ಇರುವುದರಲ್ಲೇ ಚೆನ್ನಾಗಿ ತೋರಿಸಬೇಕು.

ಎಡಕ್ಕೆ 1920 ಪಿಕ್ಸೆಲ್‌ನದು, ಬಲಕ್ಕೆ 1024ರ ಹಳೆಯದು ಇದೆ ಅಂದುಕೊಳ್ಳಿ. ಎರಡೂ 4 ಮೀಟರ್ ಅಗಲದ ಚಿತ್ರ ಬಿಡುತ್ತಿವೆ. ಪರದೆ ಮೇಲೆ ಎಡದ ಒಂದು ಪಿಕ್ಸೆಲ್ 2 ಮಿಲಿಮೀಟರ್ ಚಿಲ್ಲರೆ, ಬಲದ್ದು ಹತ್ತಿರ ಹತ್ತಿರ 4. ಈಗ ಬಿಳಿಯ ಮೇಲೆ 2 ಮಿಲಿಮೀಟರ್‌ನ ಕಪ್ಪು ಗೆರೆಯೊಂದು ಪಟ್ಟಿಯೊಳಗೆ ಬಂತು. ಎಡದ್ದು ಅದನ್ನು ನೀಟಾಗಿ ಬಿಡಿಸುತ್ತದೆ. ಬಲದ್ದಕ್ಕೆ ಅಷ್ಟು ಸಣ್ಣ ಗೆರೆ ಬರುವುದಿಲ್ಲ, ಇಡೀ ಪಿಕ್ಸೆಲ್‌ಗೆ ಬೂದು ಬಳಿಯುತ್ತದೆ. ಪಟ್ಟಿಯ ನಡುವೆ, ಕಪ್ಪಿರಬೇಕಾದ ಕಡೆ ಸುಮಾರು ಕಾಲು ಭಾಗ ಬೆಳಕು ಬಂದು ಕೂರುತ್ತದೆ. ಎಡದ ಪ್ರೊಜೆಕ್ಟರ್ ಎಷ್ಟೇ ಒಳ್ಳೆಯದಿರಲಿ, ಬಿದ್ದ ಬೆಳಕನ್ನು ವಾಪಸ್ ತೆಗೆಯಲಾರದು. ಕತ್ತಲೆ ದೃಶ್ಯದಲ್ಲಿ ಪಟ್ಟಿ ಬೆಳ್ಳಗೆ ಉಳಿಯುವುದೂ ಇದೇ ಕಾರಣಕ್ಕೆ: ಕಪ್ಪು ತೋರಿಸುವಾಗಲೂ ಪ್ರೊಜೆಕ್ಟರ್ ಸ್ವಲ್ಪ ಬೆಳಕು ಸೋರಿಸುತ್ತದೆ, ಪಟ್ಟಿಯಲ್ಲಿ ಅದು ಎರಡು ಪಟ್ಟು. ಅದಕ್ಕೆ ಉಳಿದ ಕಡೆ ಕಪ್ಪನ್ನೇ ಸ್ವಲ್ಪ ಎತ್ತಿ ಸರಿದೂಗಿಸುತ್ತಾರೆ.

ಫೋಟೊಗಳನ್ನು ಜೋಡಿಸಲು ಬರ್ಟ್ ಮತ್ತು ಅಡೆಲ್ಸನ್ ಎಂಬ ಸಂಶೋಧಕರು 1983ರಲ್ಲಿ ಒಂದು ದಾರಿ ತೋರಿಸಿದರು. ದೊಡ್ಡ ದೊಡ್ಡ ಛಾಯೆಗಳನ್ನು ಅಗಲವಾಗಿ ಬೆರೆಸಿ, ಸಣ್ಣ ವಿವರಗಳನ್ನು ಕಿರಿದಾದ ಜಾಗದಲ್ಲಿ ಬೆರೆಸುವುದು. ನಮಗೂ ಇದು ಒದಗುತ್ತದೆ. ಆಕಾಶ, ಗೋಡೆ, ಹುಲ್ಲು ಇರುವ ಚಿತ್ರದಲ್ಲಿ ಛಾಯೆಯನ್ನು ಎರಡೂ ಹಂಚಿಕೊಳ್ಳಲಿ, ವಿವರವನ್ನೆಲ್ಲ ಎಡದ್ದೇ ಹೊರಲಿ. ಕಪ್ಪುಬಿಳುಪಿನ ಅಕ್ಷರಕ್ಕೆ ಮಾತ್ರ ಇದು ಸಾಲದು. ಅಲ್ಲಿ ಪಟ್ಟಿಯ ಬಹುಪಾಲನ್ನು ಎಡದ್ದಕ್ಕೇ ಬಿಟ್ಟುಕೊಡಿ, ಬಲತುದಿಯಲ್ಲಿ ಮಾತ್ರ ಬೆರೆಸಿ. ಸ್ಲೈಡ್ ನಿಮ್ಮ ಕೈಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಸಾಲುಗಳನ್ನು ಎಡದ್ದರ ಜಾಗದಲ್ಲೇ ಮುಗಿಸಿ, ಪಟ್ಟಿಗೆ ಚಿತ್ರ ಮಾತ್ರ ಬರಲಿ.