ನಿದ್ದೆ ಗುಳಿಗೆ ಒಮ್ಮೆಲೇ ನಿಲ್ಲಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್, ಡಯಾಜೆಪಾಮ್. ನಿದ್ದೆಗೆ, ಆತಂಕಕ್ಕೆ ಕೊಡುವ ಈ ಗುಳಿಗೆಗಳಲ್ಲಿ ಒಂದನ್ನು ನಿಮ್ಮ ಮನೆಯಲ್ಲಿ ಯಾರಾದರೂ ದಿನಾ ನುಂಗುತ್ತಿದ್ದರೆ ಈ ಮಾತು ನಿಮಗೇ. ಒಮ್ಮೆಲೇ ನಿಲ್ಲಿಸಬೇಡಿ.

ಸಿಂಧನೂರು ಕಡೆಯ ಅರವತ್ತೈದರ ರೈತರೊಬ್ಬರನ್ನು ನೆನೆಸಿಕೊಳ್ಳಿ. ಸಾಲದ ಚಿಂತೆಗೆ ನಿದ್ದೆ ಹತ್ತದೆ 0.5 ಮಿಲಿಗ್ರಾಂ ಆಲ್ಪ್ರಜೋಲಾಮ್ ಶುರುವಾಯಿತು. ಹಳೇ ಚೀಟಿ ತೋರಿಸುತ್ತಲೇ ಮೂರು ವರ್ಷ ಕಳೆಯಿತು, ಒಂದು ಗುಳಿಗೆ ನಾಲ್ಕಾಯಿತು. ರಾತ್ರಿ ಆಡಿದ ಮಾತು ಬೆಳಿಗ್ಗೆ ನೆನಪಿಲ್ಲ. ದಿನವಿಡೀ ಮಂಕು, ಮೊಮ್ಮಕ್ಕಳ ಮೇಲೆ ಸುಮ್ಮಸುಮ್ಮನೆ ಸಿಟ್ಟು. ‘ವಯಸ್ಸಾತು ಬಿಡ್ರಿ’ ಅಂದರು ಮನೆಯವರು. ಅದೆಲ್ಲ ಗುಳಿಗೆಯ ಕೆಲಸ. ಗವಿಮಠದ ಜಾತ್ರೆಗೆಂದು ಕೊಪ್ಪಳದ ಬೀಗರ ಮನೆಗೆ ಹೋದಾಗ ಗುಳಿಗೆ ಊರಲ್ಲೇ ಉಳಿಯಿತು. ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಮರುದಿನ ಬೆವರು, ಚಹಾದ ಕಪ್ಪು ಹಿಡಿಯಲಾಗದಷ್ಟು ಕೈನಡುಕ. ಮೂರನೇ ದಿನ ಗೋಡೆ ಮೇಲೆ ಹುಳ ಹರಿದಾಡ್ತಾವ ಅಂತ ಟವೆಲ್ಲಿನಿಂದ ಬಡಿಯತೊಡಗಿದರು. ‘ಗಾಳಿ ಸೋಕೈತಿ’ ಎಂದು ಅಂತ್ರ ಕಟ್ಟಿಸಿದರು. ಸಂಜೆಗೆ ಫಿಟ್ಸ್ ಬಂತು.

ಯಾವ ಗಾಳಿಯೂ ಅಲ್ಲರೀ! ಮೆದುಳಿಗೆ ಗಾಬಾ ಎಂಬ ಬ್ರೇಕ್ ಇದೆ. ಗುಳಿಗೆ ಅದನ್ನು ದಿನಾ ಒತ್ತಿ ಹಿಡಿಯುವುದರಿಂದ ಮೆದುಳು ತನ್ನ ಬ್ರೇಕನ್ನು ತಾನೇ ಸಡಿಲ ಬಿಡುತ್ತದೆ. ಗುಳಿಗೆ ತಪ್ಪಿತೋ, ತಡೆಯುವವರೇ ಇಲ್ಲ. ಆಲ್ಪ್ರಜೋಲಾಮ್ ಸುಮಾರು 11 ಗಂಟೆಗೇ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಅದಕ್ಕೇ ಇಷ್ಟು ಬೇಗ ಕಾಟ. ಡಯಾಜೆಪಾಮ್ ನಿಧಾನಕ್ಕೆ ಇಳಿಯುವಂಥದ್ದು, ಬಿಟ್ಟು ವಾರವಾದ ಮೇಲೂ ತೊಂದರೆ ಕಾಣಿಸೀತು.

ಬಿಡುವುದು ಹೇಗೆ? ವೈದ್ಯರ ಲೆಕ್ಕದಂತೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ನೂರಕ್ಕೆ ಐದರಿಂದ ಹತ್ತರಷ್ಟು ಕಡಿಮೆ ಮಾಡುತ್ತ ಹೋಗಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಕೆಲವರು ದಿನ ಬಿಟ್ಟು ದಿನ ನುಂಗಿ ‘ಕಡಿಮೆ ಮಾಡೀನಿ’ ಅಂತಾರೆ. ಹಾಗೆ ಮಾಡಿದರೆ ನುಂಗದ ದಿನವೆಲ್ಲ ಒಮ್ಮೆಲೇ ನಿಲ್ಲಿಸಿದಂತೆಯೇ.

ಮದ್ಯದ ಜೊತೆ ಬೇಡವೇ ಬೇಡ, ಉಸಿರೇ ನಿಂತೀತು. ರಾಯಚೂರು ಸೀಮೆಯವರಿಗೆ ಇನ್ನೊಂದು ಮಾತು. ಕಲಬೆರಕೆ ಸೇಂದಿಗೆ ಇವೇ ಆಲ್ಪ್ರಜೋಲಾಮ್, ಡಯಾಜೆಪಾಮ್ ಬೆರೆಸುವುದುಂಟು. ಸೇಂದಿ ಬಿಟ್ಟವರು ನಾಲ್ಕು ದಿನದಲ್ಲೇ ಒಬ್ಬರೇ ಮಾತಾಡತೊಡಗಿದರೆ ಆಸ್ಪತ್ರೆಗೆ ಕರೆದೊಯ್ಯಿರಿ, ಕುಡಿತದ ವಿಷಯ ಮುಚ್ಚಿಡಬೇಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಫೋನ್ ಮಾಡುವಾಗ ಗುಳಿಗೆಯ ಸ್ಟ್ರಿಪ್ ಕೈಯಲ್ಲಿರಲಿ. ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆಷ್ಟು, ಎಷ್ಟು ವರ್ಷದಿಂದ ಎಂಬುದನ್ನು ಹೇಳಿ. ವೈದ್ಯರನ್ನು ಕಾಣುವ ತನಕ ಇವತ್ತಿನ ಗುಳಿಗೆ ತಪ್ಪಿಸಬೇಡಿ.